ಮೊದಲು ತಾಗಿದ ಹಲ್ಲು

ಮಂಗಳವಾರ ಬಂದ ಕೋಲಾ ಕಟ್ಟು ಶುಕ್ರವಾರ ಬೆಳಗಾದರೂ ತೀಡಾಳ ಗುಡಿಸಲಿನ ಮೂಲೆಯಲ್ಲಿ, ಸೋರೆಬುರುಡೆಯ ಬೋಗುಣಿಯಲ್ಲಿ ಹಾಗೇ ಕೂತಿತ್ತು. ಒಳಗೆ ಅಡಿಕೆಯ ಹಾಗೆ ಅಗಿದು ತಿನ್ನುವ ಹತ್ತು ಕೋಲಾ ಕಾಯಿ. ಒಂಬತ್ತು ಕೆಂಪು, ಒಂದು ಬಿಳಿ. ಒದ್ದೆ ಎಲೆ ಸುತ್ತಿ ನಾರಿನಿಂದ ಬಿಗಿದ ಆ ಕಟ್ಟನ್ನು ತೀಡಾ ಮೂರು ದಿನದಿಂದ ಕಣ್ಣೆತ್ತಿ ನೋಡಿರಲಿಲ್ಲ. ಆದರೆ ಆ ಮೂರು ದಿನ ಅವಳು ಬೇರೇನನ್ನೂ ಯೋಚಿಸಿಯೂ ಇರಲಿಲ್ಲ. ಹೆಣ್ಣು ಕೇಳಲು ಬಂದ ಕೋಲಾ ಮನೆಯೊಳಗಿದ್ದರೆ ಹೀಗೇ, ಕರೆಯದೆ ಬಂದ ನೆಂಟ ಮೂಲೆಯಲ್ಲಿ ಕೂತು ಊಟಕ್ಕೆ ಕಾಯುತ್ತಿರುವ ಹಾಗೆ.

ಕೇಳಿದ್ದು ಸಿರ್ರಾಳನ್ನು. ತೀಡಾಳ ಒಬ್ಬಳೇ ಮಗಳು, ಹದಿನೇಳು ವರ್ಷ, ನಾಲಿಗೆ ಚೂಪು, ಎದೆ ದುರ್ಬಲ. ಕೇಳಿದವನು ದೋಣಿಗಟ್ಟೆ ಪೇಟೆಯ ವ್ಯಾಪಾರಿ ಸಂಕುಂಗ್ ಫಾಟಿ. ಅರವತ್ತು ದಾಟಿದ ಗಂಡಸು, ಮನೆಯಲ್ಲಿ ಆಗಲೇ ಮೂವರು ಹೆಂಡಿರು, ಬಾಯಲ್ಲಿ ಒಂದು ಹಲ್ಲೂ ಇಲ್ಲ. ಆದರೂ ಕೋಲಾ ಇಲ್ಲದೆ ಅವನಿಗೆ ಹೊತ್ತು ಹೋಗದು. ಮೊಳೆಯಿಂದ ತೂತು ಹೊಡೆದ, ಅಂಗೈಯಷ್ಟು ಪುಟ್ಟ ತಗಡಿನ ತುರಿಮಣೆಯೊಂದು ಸದಾ ಅವನ ಜೇಬಿನಲ್ಲಿರುತ್ತಿತ್ತು. ಹೆಂಡಿರು ಸರದಿಯ ಮೇಲೆ ತುರಿದು ಕೊಡುತ್ತಿದ್ದರು.

"ಮೂವರಿಗೂ ಕೈ ಸೋತಿರಬೇಕು. ತುರಿಯೋಕೆ ಇನ್ನೊಬ್ಳು ಬೇಕಾಗಿದಾಳೆ ಅವನಿಗೆ. ನಾನು ಹೋಗಲ್ಲಮ್ಮ, ಕೊಂದ್ರೂ ಹೋಗಲ್ಲ" ಎಂದಿದ್ದಳು ಸಿರ್ರಾ.

ಕಟ್ಟು ತಂದವನು ಸುಂತು ಸುಸೊ. ಮನೆತನಗಳ ಹಾಡು ಹೇಳುವುದು, ಸಂಬಂಧ ಕುದುರಿಸುವುದು, ಮುರಿದ ಮಾತು ಜೋಡಿಸುವುದು ಅವನ ವಂಶದ ಕಸುಬು. ಆ ಬಾಯಿ ಮುಚ್ಚಿದ್ದನ್ನು ಕಂಡವರು ಬಾಲಿಕುಂಡಾ ಊರಿನಲ್ಲಿ ಯಾರೂ ಇಲ್ಲ. ಅದು ಸುಳ್ಳು ಹೇಳಿದ್ದನ್ನು ಕಂಡವರೂ ಇಲ್ಲ, ಅದನ್ನೂ ಹೇಳಬೇಕು. ಮಂಗಳವಾರ ಅವನು ಎಲ್ಲರೆದುರು ಕಟ್ಟು ಬಿಚ್ಚಿ ಬಿಳಿಯದನ್ನು ಎತ್ತಿ ತೋರಿಸಿದ್ದ.

"ಒಂಬತ್ತು ಕೆಂಪು ನಿಮಗೆ, ನಿಮ್ಮ ನೆಂಟ್ರಿಗೆ, ಹಂಚ್ಕೊಳ್ಳಿ. ಈ ಬಿಳೀದು ಮಾತ್ರ ಹುಡುಗಿ ಪಾಲು. ಇದಕ್ಕೆ ಯಾರ ಹಲ್ಲು ಮೊದಲು ತಾಗುತ್ತೋ ಅವಳೇ ಮದುವಣಗಿತ್ತಿ. ಆಮೇಲೆ ನನ್ನನ್ನ ಬೈಬೇಡಿ! ನಮ್ಮಪ್ಪನ ಕಾಲದಲ್ಲಿ ಹುಡುಗಿ ಅಜ್ಜಿ ಬಾಯಿಚಪಲ ತಡೀಲಾರದೆ ಕದ್ದು ಕಚ್ಚಿಬಿಟ್ಳಂತೆ. ನಮ್ಮಪ್ಪ ಏನು ಮಾಡ್ತಾನೆ ಪಾಪ, ಆ ಮುದುಕೀನೇ ಕತ್ತೆ ಗಾಡಿ ಹತ್ತಿಸ್ಕೊಂಡು ಹೋದ. ಒಂಬತ್ತು ವರ್ಷ ಸಂಸಾರ ಮಾಡಿದ್ರು ಮುದುಕೀನೂ ಮದುಮಗನೂ, ದಿನಾ ಕಿತ್ತಾಡ್ಕೊಂಡು."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ತೀಡಾ ನಕ್ಕಿರಲಿಲ್ಲ.

ನಗು ನಿಂತ ಮೇಲೆ ದೆಂಬೊ ಮಾತಾಡಿದ. ದೆಂಬೊ ತೀಡಾಳ ಗಂಡ ಮಲಾಂಗನ ಅಣ್ಣ, ಮನೆಯ ಯಜಮಾನ. ಮಲಾಂಗ್ ಸತ್ತ ವರ್ಷ, ಪದ್ಧತಿಯ ಪ್ರಕಾರ, ತಮ್ಮನ ಹೆಂಡತಿಯನ್ನು ತಾನೇ ಮದುವೆಯಾಗಲು ಕೇಳಿದ್ದ. ತೀಡಾ ಆಗಲ್ಲ ಅಂದಿದ್ದಳು. ಎರಡು ತಿಂಗಳು ಮುಖ ಊದಿಸಿಕೊಂಡು ಓಡಾಡಿ ಆಮೇಲೆ ಸುಮ್ಮನಾದ. ಕೆಟ್ಟವನಲ್ಲ.

"ಸಾಯೋವಾಗ ಮಲಾಂಗ್ ನನ್ನ ಕೈ ಹಿಡ್ಕೊಂಡು ಹೇಳಿದಾನೆ, ಮಗಳ ವಿಷಯಕ್ಕೆ ತೀಡಾ ಮಾತು ಕೇಳು ಅಂತ. ಕೇಳ್ತೀನಿ. ಕಟ್ಟು ನಿನ್ನ ಹತ್ರಾನೇ ಇರ್ಲಿ. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿದ್ಮೇಲೆ ಹೇಳು. ಒಪ್ಪಿದ್ರೆ ಒಡೆದು ಹಂಚೋಣ. ಇಲ್ಲಾಂದ್ರೆ ಹತ್ತಕ್ಕೆ ಹತ್ತೂ ವಾಪಸ್ಸು." ಆಮೇಲೆ ದನಿ ತಗ್ಗಿಸಿದ. "ಆದ್ರೆ ಯೋಚನೆ ಮಾಡು. ಉಬ್ಬಸದ ಹುಡುಗಿ, ಗದ್ದೆ ಕೆಸರಲ್ಲಿ ಅರ್ಧ ದಿನ ನಿಲ್ಲಲಾರಳು. ಇವನನ್ನ ಬಿಟ್ರೆ ಇನ್ಯಾರು ಬರ್ತಾರೆ? ಪೇಟೇಲಿ ಆಸ್ಪತ್ರೆ ಇದೆ. ಅವನ ಹತ್ರ ಕಾರಿದೆ."

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ತೀಡಾಳಿಗೆ ಉರಿ ಹತ್ತಿಸಿದ್ದು.

ಅವಳನ್ನೇ ಕೇಳಿ ಕೋಲಾ ಬಂದಾಗ ಅವಳು ಗದ್ದೆಯಲ್ಲಿದ್ದಳು. ಹದಿನಾರು ವರ್ಷ ಆಗ. ಸಂಜೆ ತಲೆಯ ಮೇಲೆ ಪೈರಿನ ಕಂತೆ ಹೊತ್ತು ಬಂದರೆ ಅಂಗಳದ ಗಂಡಸರ ತುಟಿಯೆಲ್ಲ ಕೋಲಾ ಅಗಿದು ಕೆಂಪಾಗಿತ್ತು. ಯಾರೂ ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅವಳ ಪಾಲಿನ ಬಿಳಿಯದನ್ನು ಚಿಕ್ಕಮ್ಮ ಬಾಯಿಗೆ ತುರುಕಿದಳು. ಮಲಾಂಗ್ ಒಳ್ಳೆಯ ಗಂಡನೇ ಆದ, ಆ ಮಾತು ಬೇರೆ. ಕೇಳಬೇಕಿತ್ತಲ್ಲ! ಇಪ್ಪತ್ತೆರಡು ವರ್ಷ ಕಳೆದರೂ ಆ ಸಿಟ್ಟು ಅವಳ ಹೊಟ್ಟೆಯಲ್ಲಿ ಹಾಗೇ ಇತ್ತು. ಸಿರ್ರಾ ಹುಟ್ಟಿದ ದಿನವೇ ಅವಳು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು: ಈ ಮಗುವನ್ನು ಕೇಳದೆ ಯಾರ ಹಲ್ಲೂ ಕೋಲಾಕ್ಕೆ ತಾಗಕೂಡದು. ಕೇಳಿಯಾಗಿತ್ತು. ಮಗಳು ಬೇಡ ಅಂದಿದ್ದಳು. ಇನ್ನು ಉಳಿದದ್ದು ಕಟ್ಟನ್ನು ಹಿಂದಕ್ಕೆ ಕೊಡುವುದಷ್ಟೇ, ಮಧ್ಯಾಹ್ನದವರೆಗೆ ಕಾಯುವುದಷ್ಟೇ.

ಆದರೆ ಶುಕ್ರವಾರ ಬೆಳಿಗ್ಗೆ ಸಿರ್ರಾಳ ಎದೆ ಕಟ್ಟಿತು.

ಮಳೆಗಾಲದಲ್ಲಿ ಕಟ್ಟುವುದು ಹೊಸದಲ್ಲ. ಸ್ವಲ್ಪ ಶಿಳ್ಳೆ, ಸ್ವಲ್ಪ ಕೆಮ್ಮು, ಒಲೆಯ ಮೇಲೆ ಎಲೆ ಕುದಿಸಿ ಹಬೆ ಕೊಟ್ಟರೆ ಇಳಿಯುತ್ತಿತ್ತು. ಇದು ಹಾಗಿರಲಿಲ್ಲ. ಹುಡುಗಿ ಚಾಪೆಯ ಮೇಲೆ ಎರಡೂ ಕೈ ಊರಿ ಮುಂದಕ್ಕೆ ಬಾಗಿ ಕೂತಿದ್ದಳು. ಕತ್ತಿನ ಬುಡದ ಗುಳಿ ಒಳಕ್ಕೆ ಒಳಕ್ಕೆ ಎಳೆಯುತ್ತಿತ್ತು. ತೀಡಾ ಬಾಯಿಗೆ ಊದುವ ಔಷಧಿಯ ಡಬ್ಬಿ ತೆಗೆದು ಒತ್ತಿದಳು. ಬರಿಯ ಗಾಳಿ. ಅಲುಗಾಡಿಸಿ ಮತ್ತೆ ಒತ್ತಿದಳು. ಗಾಳಿಯೂ ಇಲ್ಲ. ಪೇಟೆಯ ಆಸ್ಪತ್ರೆಗೆ ಕತ್ತೆ ಗಾಡಿಯಲ್ಲಿ ಅರ್ಧ ದಿನದ ದಾರಿ. ಹೊಸ ಡಬ್ಬಿ ನದಿಯಾಚೆಯ ದವಾಖಾನೆಯಲ್ಲಿತ್ತು. ನದಿ ಉಕ್ಕಿ ಬುಧವಾರವೇ ದೋಣಿಯ ಹಗ್ಗ ಕಿತ್ತುಕೊಂಡು ಹೋಗಿತ್ತು.

"ಮಾತಾಡಬೇಡ. ನಿಧಾನ. ಒಳಗೆ ತಗೋ, ಬಿಡು. ಒಳಗೆ ತಗೋ" ಎನ್ನುತ್ತಾ ತೀಡಾ ಬೆನ್ನು ನೀವಿದಳು, ಹಬೆ ಕೊಟ್ಟಳು, ಅಂಗೈಗೆ ಎಣ್ಣೆ ಹಚ್ಚಿ ಎದೆ ತಿಕ್ಕಿದಳು. ಸಿರ್ರಾಳ ಕಣ್ಣು ಅಮ್ಮನ ಮುಖ ಬಿಟ್ಟು ಕದಲಲಿಲ್ಲ. ತುಟಿಯ ಬಣ್ಣ ತಿರುಗಿತು. ಶಿಳ್ಳೆಯ ಸದ್ದು ಕಡಿಮೆಯಾಯಿತು, ಅದು ಒಳ್ಳೆಯದಕ್ಕಲ್ಲ ಎಂದು ತೀಡಾಳಿಗೆ ಗೊತ್ತಿತ್ತು. ಗಾಳಿ ಆಡಿದರೆ ತಾನೇ ಶಿಳ್ಳೆ.

ತೀಡಾಳ ಅಜ್ಜಿ ಎದೆ ಕಟ್ಟಿದವರಿಗೆ ಬಿಳಿ ಕೋಲಾ ಕೊಡುತ್ತಿದ್ದಳು. ಅಗಿದು, ಬಿಸಿನೀರಲ್ಲಿ ಕಿವುಚಿ, ಒಂದೊಂದೇ ಗುಟುಕು. ಕೆಂಪಲ್ಲ, ಬಿಳಿಯದೇ ಆಗಬೇಕು. ತೀಡಾ ಚಿಕ್ಕವಳಿದ್ದಾಗ ಎಷ್ಟು ಸಲ ಕಂಡಿದ್ದಳು!

ಅವಳು ಮೂಲೆಯತ್ತ ನೋಡಿದಳು.

ಅವಳು ತಿಳಿಯದೆ ಮಾಡಿದಳು ಅಂತ ಆಮೇಲೆ ಊರಲ್ಲಿ ಕೆಲವರು ಹೇಳಿದ್ದುಂಟು. ಸುಳ್ಳು. ನಾರು ಬಿಚ್ಚುವಾಗ ತಾನು ಏನು ಮಾಡುತ್ತಿದ್ದೇನೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಕಡೆ ಮಗಳು ಬೇಡ ಅಂದ ಗಂಡ, ಇನ್ನೊಂದು ಕಡೆ ಮಗಳು. ಇದರಲ್ಲಿ ಯೋಚಿಸುವುದೇನಿದೆ?

ಬಿಳಿಯ ಕಾಯಿಯನ್ನು ಬಾಯಿಗಿಟ್ಟು ಕಚ್ಚಿದಳು. ಕಟಕ್ ಎಂದಿತು. ಆ ಸದ್ದು ಅಂಗಳಕ್ಕೆಲ್ಲ ಕೇಳಿಸಿತೇನೋ ಎಂದು ಅವಳು ಬಾಗಿಲತ್ತ ನೋಡಿದಳು. ಕಹಿ ನಾಲಿಗೆಯ ಬುಡಕ್ಕೆ ಇಳಿಯಿತು. ಅಗಿದಳು, ನುಣ್ಣಗೆ ಅಗಿದು ಅಂಗೈಗೆ ಉಗಿದಳು, ಬಿಸಿನೀರು ಹನಿಸಿ ಕಿವುಚಿ ಮಗಳ ಬಾಯಿಗೆ ಹಿಂಡಿದಳು. ಅರ್ಧ ಗಲ್ಲಕ್ಕೆ ಇಳಿಯಿತು, ಅರ್ಧ ಒಳಗೆ ಹೋಯಿತು. ಮತ್ತೊಂದು ತುಂಡು. ಮತ್ತೆ ಅಗಿ, ಮತ್ತೆ ಹಿಂಡು. ಕಾಯಿ ಪೂರ್ತಿ ಮುಗಿಯುವ ಹೊತ್ತಿಗೆ ಹೊರಗೆ ಭತ್ತ ಕುಟ್ಟುವ ಒರಳುಗಳ ಸದ್ದು ಶುರುವಾಗಿತ್ತು. ತುಸು ಹೊತ್ತಿನ ಮೇಲೆ ಶಿಳ್ಳೆ ಮರಳಿತು. ಆ ಕೆಟ್ಟ ಸದ್ದು ಅಷ್ಟು ಇಂಪಾಗಿ ಅವಳಿಗೆ ಎಂದೂ ಕೇಳಿರಲಿಲ್ಲ. ಕೋಲಾ ಬಿಡಿಸಿತೋ, ಎದೆ ತಾನಾಗಿ ಬಿಚ್ಚಿತೋ, ಯಾರಿಗೆ ಗೊತ್ತು. ಹುಡುಗಿ ಉಸಿರಾಡಿದಳು.

ಉಸಿರಾಡಿದ ಸಿರ್ರಾ ಮೊದಲು ನೋಡಿದ್ದು ಅಮ್ಮನ ಮಡಿಲಲ್ಲಿ ಬಿಚ್ಚಿ ಬಿದ್ದಿದ್ದ ಎಲೆಗಳನ್ನು.

"ಅಮ್ಮಾ... ಯಾವುದು?"

"ಮಾತಾಡಬೇಡ ಅಂದ್ನಲ್ಲ."

"ಬಿಳೀದಾ?"

ತೀಡಾ ಎಲೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು.

"ನಾನು ತಿಂದ್ನಾ?" ಸಿರ್ರಾ ತನ್ನ ಗಲ್ಲದ ಮೇಲೆ ಅಂಟಿದ್ದ ಚೂರೊಂದನ್ನು ಬೆರಳಿಗೆ ತೆಗೆದು ನೋಡಿಕೊಂಡಳು. "ಅಮ್ಮಾ, ನಾನು ಒಪ್ಪಿದ ಹಾಗಾಯ್ತಾ?"

"ಇಲ್ಲ. ಬಾಯಿ ಮುಚ್ಕೊಂಡು ಕೂತ್ಕೋ. ಮಧ್ಯಾಹ್ನದೊಳಗೆ ಇನ್ನೊಂದು ಬಿಳೀದು ತಂದು ಕಟ್ಟಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಬಾಯಲ್ಲಿ ಹೇಳಿದಷ್ಟು ಸುಲಭವೇ ಅದು? ಬಾಲಿಕುಂಡಾದ ಸುತ್ತ ನೂರು ಮೈಲಿಯಲ್ಲಿ ಒಂದು ಕೋಲಾ ಮರವಿಲ್ಲ. ದೂರದ ಕಾಡಿನ ನಾಡಿನಿಂದ ಬುಟ್ಟಿ ಲಾರಿ ಏರಿ, ಗಡಿ ದಾಟಿ, ದೋಣಿ ದಾಟಿ ಬರಬೇಕು. ತೀಡಾ ತಲೆಗೆ ಬಟ್ಟೆ ಸುತ್ತಿಕೊಂಡು ಜಿನುಗುವ ಮಳೆಯಲ್ಲೇ, ಊರಲ್ಲಿ ಕೋಲಾ ಮಾರುವ ಜಲ್ಲೊನ ಅಂಗಡಿಗೆ ಓಡಿದಳು.

ಜಲ್ಲೊ ಖಾಲಿ ಬುಟ್ಟಿ ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಚಹ ಕಾಯಿಸುತ್ತಿದ್ದ. "ಲಾರಿ ಆಚೆ ದಡದಲ್ಲಿ ಕೆಸರಲ್ಲಿ ಹೂತಿದೆ ಕಣಮ್ಮ. ಎರಡು ಒಣಗಿದ ಕೆಂಪು ಇದಾವೆ, ಕಲ್ಲಿನ ಹಾಗೆ. ಬೇಕಾದ್ರೆ ತಗೊಂಡು ನಾಯಿಗೆ ಹೊಡಿ."

"ಬಿಳೀದು?"

"ಬಿಳೀದಾ!" ಅವನು ಕೆಟಲಿನಿಂದ ತಲೆ ಎತ್ತಿದ. "ನಿನ್ನ ಮನೇಲೇ ಒಂದು ಇದೆಯಲ್ಲ ಮಾರಾಯ್ತಿ, ಊರಿಗೆಲ್ಲ ಗೊತ್ತು. ಇನ್ನೊಂದು ಯಾಕೆ, ನೀನೂ ಮದುವೆ ಆಗ್ತೀಯಾ?"

"ತಲೆನೋವು."

"ತಲೆನೋವಿಗೆ ಕೆಂಪು ಸಾಲಲ್ವಾ?"

ಅವಳು ಅಂಗಡಿಗೆ ಬೆನ್ನು ಹಾಕಿ ನಡೆದಳು. ಅವನು ನಗುತ್ತಿದ್ದವನು ನಗು ನಿಲ್ಲಿಸಿದ್ದು ಅವಳ ಬೆನ್ನಿಗೆ ಗೊತ್ತಾಯಿತು. ಇನ್ನು ಅರ್ಧ ಗಳಿಗೆಯಲ್ಲಿ ಊರು ತುಂಬ ಸುದ್ದಿ.

ಆರು ಮನೆ ಸುತ್ತಿದಳು. ಸೂಲಗಿತ್ತಿಯ ಮನೆಯಲ್ಲಿ ಕೆಂಪಿನ ಅರ್ಧ ಹೋಳು. ಮಸೀದಿಯ ಪಕ್ಕದ ಮುದುಕನ ಮನೆಯಲ್ಲಿ ಹುಳು ಹೊಡೆದದ್ದು. ನೇಕಾರನ ಹೆಂಡತಿ ಇಲ್ಲ ಎಂದವಳು, ಹಾಗೇ ಬಾಗಿಲಲ್ಲಿ ನಿಂತು ತೀಡಾಳ ಅಂಗೈಯನ್ನೇ ನೋಡಿದಳು. ಕಿವುಚಿದ ಕೋಲಾದ ಕಂದು ಬಣ್ಣ ಬೆರಳ ಸಂದಿಯಲ್ಲಿ ಹಾಗೇ ಇತ್ತು. ತೀಡಾ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ದಾರಿಯಲ್ಲಿ ಒಂದು ಗುಂಡಿಯ ನೀರಿನಲ್ಲಿ ಮಣ್ಣು ಹಾಕಿ ತಿಕ್ಕಿದಳು. ಹೋಗಲಿಲ್ಲ. ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಾಗ ಅವಳಿಗೆ ಅಳು ಬಂತು, ಜೊತೆಗೆ ಊರಿಗೇ ಹಿರಿಯಳಾದ ಫೆಂದಾ ಅಜ್ಜಿಯ ನೆನಪೂ ಬಂತು.

ಫೆಂದಾ ಅಜ್ಜಿಗೆ ಎಷ್ಟು ವಯಸ್ಸು ಅಂತ ಅವಳಿಗೂ ಗೊತ್ತಿಲ್ಲ. ತನ್ನ ಶವಸಂಸ್ಕಾರದ ದಿನ ಹಂಚಲು ಒಂದು ಬಿಳಿ ಕೋಲಾ ಇಟ್ಟುಕೊಂಡಿದ್ದಾಳೆ, ಪ್ರತಿ ಶುಕ್ರವಾರ ಅದರ ಎಲೆ ಬದಲಾಯಿಸುತ್ತಾಳೆ, ಕೆಟ್ಟರೆ ಬೈದುಕೊಂಡು ಹೊಸದು ತರಿಸುತ್ತಾಳೆ. ಇದು ಊರಿನ ಹಳೆಯ ತಮಾಷೆ. ತೀಡಾ ಒಳಗೆ ಕಾಲಿಟ್ಟಾಗ ಅಜ್ಜಿ ಅದೇ ಕೆಲಸದಲ್ಲಿದ್ದಳು. ಮೊಣಕಾಲ ಮೇಲೆ ಒದ್ದೆ ಎಲೆ, ಅದರ ಮೇಲೆ ಕಾಯಿ. ಸಿಪ್ಪೆ ಸುಲಿದ ಬೆಳ್ಳುಳ್ಳಿಯ ಬಣ್ಣ.

ತೀಡಾ ಬಾಗಿಲಲ್ಲೇ ಮಂಡಿಯೂರಿದಳು. ಎಲ್ಲವನ್ನೂ ಹೇಳಿದಳು, ಒಂದೇ ಉಸಿರಿಗೆ.

ಅಜ್ಜಿ ಕೇಳಿ ಮುಗಿಸಿ ಕಾಯಿಯನ್ನು ಒಮ್ಮೆ ತಿರುಗಿಸಿ ನೋಡಿದಳು. "ನಾನು ಸತ್ತ ದಿನ ನಾಲ್ಕು ಜನ ಚೂರು ಅಗಿದು, ಮುದುಕಿ ಒಳ್ಳೇವ್ಳಿದ್ಳು ಅನ್ನಲಿ ಅಂತ ಇಟ್ಟಿದ್ದೆ. ಹಾಳಾಗ್ಲಿ, ತಗೋ. ಲಾರಿ ಬರೋವರೆಗೂ ಸಾಯಲ್ಲ ಬಿಡು."

ತೀಡಾ ಅವಳ ಕಾಲು ಮುಟ್ಟಿದಳು. ಅಜ್ಜಿ ಕಾಲು ಎಳೆದುಕೊಂಡಳು.

"ತಡಿ, ಹಾರಾಡಬೇಡ. ಕಟ್ಟು ವಾಪಸ್ಸು ಕೊಡೋವಾಗ ಕೋಲಾ ಮೇಲೆ ಕೈ ಇಡಿಸ್ತಾರೆ. ಗೊತ್ತಾ ನಿನಗೆ?"

"ಕೈ?"

"ನೀನು ನೋಡಿರಲ್ಲ. ನನ್ನ ಆಯಸ್ಸಲ್ಲೇ ಎರಡು ಸಲ ವಾಪಸ್ಸು ಹೋಗಿದೆ ಅಷ್ಟೆ. ಬಲಗೈ ಇಟ್ಟು ಹೇಳಬೇಕು, ಯಾರ ಹಲ್ಲೂ ತಾಗಿಲ್ಲ ಅಂತ. ಎರಡನೇ ಸಲ ಸುಳ್ಳು ಹೇಳಿದ್ಳು ಒಬ್ಳು. ಮಗಳು ಆಸೆಗೆ ಒಂದು ಚೂರು ತಿಂದಿದ್ದಳಂತೆ. ಮುಂದಿನ ಮಳೆಗಾಲ ಕಾಣಲಿಲ್ಲ ಆ ಹುಡುಗಿ." ಅಜ್ಜಿ ಎಲೆಯ ನೀರು ಕೊಡವಿದಳು. "ಜ್ವರ ಅಂದ್ರು. ಜ್ವರಾನೇ ಇರಬಹುದು. ತಿಂದವರ ಮೈಯೊಳಗೆ ಇರುತ್ತಲ್ಲ ಕೋಲಾ, ಮೇಲೆ ಕೈಯಿಟ್ಟು ಸುಳ್ಳು ಹೇಳಿದ್ರೆ ಅದು ಅಲ್ಲೇ ತಿರುಗಿಬೀಳುತ್ತೆ ಅಂತಾರೆ. ನಾನು ಹೇಳಿದ್ದು ನಿನ್ನನ್ನ ಹೆದರಿಸೋಕಲ್ಲ."

ಹೆದರಿಸಲು ಅಲ್ಲವಂತೆ! ತೀಡಾ ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಕೆಸರು ದಾರಿಯಲ್ಲಿ ನಡೆದಳು. ನಂಬದಿದ್ದರೆ ಆಗುತ್ತಿತ್ತು. ಪೇಟೆಯಲ್ಲಿ ಓದಿದವರು ನಂಬುವುದಿಲ್ಲವಂತೆ. ಆದರೆ ಬೆಳಿಗ್ಗೆ ಅದೇ ಕೋಲಾ ಉಸಿರು ಬಿಡಿಸಿತು ಎಂದು ನಂಬಿದವಳು, ಮಧ್ಯಾಹ್ನ ಅದೇ ಉಸಿರು ಕಟ್ಟಿಸುತ್ತದೆ ಎಂಬುದನ್ನು ಹೇಗೆ ನಂಬದೆ ಇರುವುದು? ಅವಳು ಮನೆ ಸೇರಿದಾಗ ಸಿರ್ರಾ ಗೋಡೆಗೊರಗಿ ಕೂತಿದ್ದಳು. ಎದೆ ಇನ್ನೂ ಸಣ್ಣಗೆ ಕುಯ್ಗುಡುತ್ತಿತ್ತು. ತೀಡಾ ಬಿಳಿಯದನ್ನು ಒಂಬತ್ತರ ನಡುವೆ ಇಟ್ಟು ನಾರು ಬಿಗಿದಳು. ಕಟ್ಟು ಮೊದಲು ಹೇಗಿತ್ತೋ ಹಾಗೇ ಆಯಿತು.

ನಮಾಜು ಮುಗಿದು ಗಂಡಸರು ಬಂದರು. ಅಂಗಳದ ಮಾವಿನ ಮರದಡಿ ಚಾಪೆ ಹಾಸಿತ್ತು. ದೆಂಬೊ, ಊರಿನ ನಾಲ್ಕು ಹಿರಿಯರು, ನಡುವೆ ಸುಂತು ಸುಸೊ. ಹೆಂಗಸರು ಬೇಲಿಯ ಬದಿಗೆ. ಫೆಂದಾ ಅಜ್ಜಿಯೂ ಕೋಲೂರಿಕೊಂಡು ಬಂದು ಒರಳನ್ನು ಬೋರಲು ಹಾಕಿಸಿ ಅದರ ಮೇಲೆ ಕೂತಳು. ಸಿರ್ರಾಳನ್ನು ಗುಡಿಸಲಿನೊಳಗೇ ಮಲಗಿಸಿ ಬಾಗಿಲ ಬಟ್ಟೆ ಇಳಿಬಿಟ್ಟಿದ್ದರು. ಮಾತು ನಿಂತಾಗಲೆಲ್ಲ ಅಲ್ಲಿಂದ ಶಿಳ್ಳೆ ಕೇಳುತ್ತಿತ್ತು.

ಸುಂತು ಕಟ್ಟು ಬಿಚ್ಚಿ ಎಣಿಸಿದ. ಬಿಳಿಯದನ್ನು ಎತ್ತಿ ಮೂಗಿನ ಹತ್ತಿರ ಹಿಡಿದ, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು. ಅವನು ಅದನ್ನು ಮೆಲ್ಲಗೆ ಎಲೆಯ ಮೇಲೆ ಇಟ್ಟ.

"ಹತ್ತು ಇದೆ."

"ಹೇಳು ತೀಡಾ" ಎಂದ ದೆಂಬೊ.

"ವಾಪಸ್ಸು ತಗೊಂಡು ಹೋಗ್ಲಿ."

ಹಿರಿಯರಲ್ಲಿ ಗುಜುಗುಜು ಎದ್ದಿತು. ದೆಂಬೊ ಅಂಗೈಯಿಂದ ಮುಖ ಒರೆಸಿಕೊಂಡ. ಆ ಕಾರು, ಆ ಆಸ್ಪತ್ರೆ ಎಲ್ಲ ಆ ಅಂಗೈಯಲ್ಲಿ ಒರೆಸಿ ಹೋದ ಹಾಗಿತ್ತು. ಆದರೆ ಮಾತಿಗೆ ತಪ್ಪಲಿಲ್ಲ. "ತಮ್ಮನಿಗೆ ಮಾತು ಕೊಟ್ಟಿದ್ದೆ. ಸುಂತು, ವಾಪಸ್ಸು ತಗೋ."

ಒಂದು ಗಳಿಗೆ, ಒಂದೇ ಒಂದು ಗಳಿಗೆ, ತೀಡಾಳಿಗೆ ಗೆದ್ದೆ ಅನ್ನಿಸಿತು.

ಸುಂತು ಎಲೆಯ ಸಮೇತ ಕೋಲಾವನ್ನು ಅವಳ ಮುಂದೆ ಸರಿಸಿದ. ಮಂಗಳವಾರದ ತಮಾಷೆಯ ದನಿ ಎಲ್ಲಿ ಹೋಗಿತ್ತೋ. "ಬಲಗೈ ಇಡು ತಾಯಿ. ನಾನು ಕೊಟ್ಟು ಹೋದ ಕೋಲಾಕ್ಕೆ ಈ ಮನೇಲಿ ಯಾರ ಹಲ್ಲಾದ್ರೂ ತಾಗಿದೆಯಾ?"

ಇಲ್ಲ ಎಂದರೆ ಸಾಕು. ಎರಡೇ ಅಕ್ಷರ. ಹತ್ತೂ ಕಾಯಿ ಕಣ್ಣೆದುರು ಇವೆ. ಅವಳು ಕೈ ಇಟ್ಟಳು. ಕಾಯಿಗಳು ತಣ್ಣಗಿದ್ದವು. ಬಾಯಿ ತೆರೆದಳು. ಗುಡಿಸಲಿನಿಂದ ಶಿಳ್ಳೆ ಬಂತು, ನಿಂತಿತು. ಮತ್ತೆ ಬರುವವರೆಗೆ ತೀಡಾ ಕಾದಳು. ಬಂತು.

"ತಾಗಿದೆ" ಎಂದಳು.

ಅಂಗಳವೇ ಎದ್ದು ನಿಂತಿತು. "ಏನಂದೆ? ಹತ್ತು ಇದೆಯಲ್ಲ!" ದೆಂಬೊ ಕೂಗಿದ.

"ಹತ್ತಿದೆ. ಆದ್ರೆ ಬಿಳೀದು ನಂದಲ್ಲ" ಎಂದ ಸುಂತು. "ಮೂಸಿದಾಗ್ಲೇ ಗೊತ್ತಾಯ್ತು. ನಾನು ತಂದದ್ದು ಹೊಸಾದು, ಇದು ಆರೆಂಟು ತಿಂಗಳಿಂದ ಎಲೇಲಿದ್ದ ಕಾಯಿ."

"ಗೊತ್ತಿದ್ದೂ ಬಾಯಿ ಬಿಡಲಿಲ್ವಾ ನೀನು?"

"ಕೇಳೋದು ನನ್ನ ಕೆಲಸ. ಹೇಳೋದು ಅವಳ ಕೆಲಸ."

ದೆಂಬೊನ ಮುಖದಲ್ಲಿ ಬೇಡವೆಂದರೂ ಒಂದು ಬೆಳಕು ಬಂದಿತ್ತು. "ಹಾಗಾದ್ರೆ ಹುಡುಗೀನೇ ತಿಂದಳು ಅನ್ನು. ಅಮ್ಮನಿಗೆ ಬೇಡ, ಮಗಳಿಗೆ ಬೇಕಿತ್ತು! ಇನ್ನೇನು, ಮುಗೀತಲ್ಲ..."

"ತಡಿ ದೆಂಬೊ." ಸುಂತು ಕೈ ಎತ್ತಿದ. "ನಾನು ಕೇಳಬೇಕಾದ್ದು ಇನ್ನೊಂದು ಇದೆ." ಅವನು ತೀಡಾಳ ಕಡೆ ತಿರುಗಿದ. ಅವಳ ಬೆರಳ ಸಂದಿಯ ಕಂದು ಕಲೆ ನೋಡಿದ, ಗುಡಿಸಲಿನತ್ತ ಕಿವಿಗೊಟ್ಟ. ಆಮೇಲೆ ಒಂದೊಂದೇ ಮಾತು ಬಿಡಿಸಿ ಕೇಳಿದ. "ಬಿಳೀದಕ್ಕೆ ಮೊದಲು ತಾಗಿದ್ದು ಯಾರ ಹಲ್ಲು?"

ಬಾಗಿಲ ಬಟ್ಟೆ ಸರಿಯಿತು. ಸಿರ್ರಾ ಕಂಬ ಹಿಡಿದು ನಿಂತಿದ್ದಳು. "ನಾ..." ಎಂದಳು. ಮುಂದಿನದಕ್ಕೆ ಉಸಿರು ಸಾಲಲಿಲ್ಲ. ಮತ್ತೆ ಎಳೆದುಕೊಂಡಳು. "ನಾನು..."

ತೀಡಾಳ ಕೈ ಇನ್ನೂ ಕೋಲಾದ ಮೇಲೇ ಇತ್ತು. ಕಟಕ್ ಎಂದ ಸದ್ದು ಅವಳ ಕಿವಿಯಲ್ಲಿತ್ತು.

"ನಂದು" ಎಂದಳು ಗಟ್ಟಿಯಾಗಿ. "ನನ್ನ ಹಲ್ಲು. ನಾನು ಕಚ್ಚಿದೆ, ನಾನು ಅಗಿದೆ. ಅದಕ್ಕೆ ಮುಂಚೆ ಯಾರ ಹಲ್ಲೂ ತಾಗಿಲ್ಲ."

ಬೇಲಿಯ ಹತ್ತಿರ ಯಾರೋ ಕಿಸಕ್ಕೆಂದರು, ಮಂಗಳವಾರದ ಅಜ್ಜಿಯ ಕಥೆ ನೆನೆದು. ಆ ನಗು ಅಲ್ಲೇ ಸತ್ತುಹೋಯಿತು. ಸುಂತು ಕಣ್ಣು ಮುಚ್ಚಿ ತೆರೆದ. ನುಂಗಿದವರು ಯಾರು ಅಂತ ಅವನು ಕೇಳಬಹುದಿತ್ತು. ಕೇಳಲಿಲ್ಲ.

"ನನಗೆ ಇನ್ನೇನೂ ಕೇಳೋಕಿಲ್ಲ" ಎಂದ. "ಆದ್ರೆ ತಾಯಿ, ಇದು ಆಟ ಅಲ್ಲ. ನೀನು ಗಂಡ ಇಲ್ಲದವಳು, ಯಾರ ಹಂಗೂ ಇಲ್ಲ. ನಾನು ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಅವನು ಹೂಂ ಅಂದ್ರೆ ನೀನು ಗಾಡಿ ಹತ್ತಬೇಕು."

"ಹೂಂ ಅಂತಾನಾ?"

"ಅವನಿಗೆ ತುರಿಯೋ ಕೈ ಬೇಕು. ಅಂತಾನೆ."

ತೀಡಾ ತಲೆಯಾಡಿಸಿದಳು. ದೆಂಬೊನಿಗೇ ಬೇಡ ಎಂದು, ನಾಲ್ಕು ವರ್ಷ ಒಬ್ಬಳೇ ಗದ್ದೆ ನೆಟ್ಟು, ತನ್ನ ಬಾಗಿಲು ತನ್ನದು ಅಂತ ಬದುಕಿದವಳು. ಇರಲಿ. ಮಗಳಿಗೆ ತುರಿಮಣೆ ತಪ್ಪಿತಲ್ಲ. "ಸಿರ್ರಾನ ಜೊತೆಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಆಸ್ಪತ್ರೆ ಇದೆ" ಎಂದಳು.

ದೆಂಬೊ ನೆಲ ನೋಡುತ್ತ ಹೇಳಿದ, ಸಿಟ್ಟಿನಿಂದಲ್ಲ. "ಸಿರ್ರಾ ನನ್ನ ತಮ್ಮನ ಮಗು. ಇನ್ನೊಬ್ಬನ ಮನೇಲಿ ಬೆಳೆಯೋಕಾಗಲ್ಲ. ಅವಳು ಇಲ್ಲೇ ಇರ್ತಾಳೆ ತೀಡಾ. ನಿನಗೂ ಗೊತ್ತು ಅದು."

ಗೊತ್ತಿತ್ತು. ಹುಟ್ಟಿದಾಗಿನಿಂದ ಗೊತ್ತಿದ್ದ ಪದ್ಧತಿ. ನಂದು ಎಂದ ಆ ಒಂದು ಗಳಿಗೆಯಲ್ಲಿ ಮಾತ್ರ ಅದು ನೆನಪಾಗಿರಲಿಲ್ಲ.

ದೆಂಬೊ ಕೆಂಪು ಕಾಯಿಗಳನ್ನು ಒಂದೊಂದಾಗಿ ಒಡೆದು ಹಂಚಿದ. ಗಂಡಸರು ಅಗಿದರು, ಅವರ ತುಟಿ ಕೆಂಪಾಗುವುದನ್ನು ತೀಡಾ ಈ ಸಲ ಕೂತು ನೋಡಿದಳು. ಸುಂತು ಹಳೆಯ ಬಿಳಿ ಕಾಯಿಯನ್ನು ಫೆಂದಾ ಅಜ್ಜಿಗೆ ಒಪ್ಪಿಸಿದ. ಅಜ್ಜಿ ಅದನ್ನು ತೀಡಾಳ ಮಡಿಲಿಗೆ ಹಾಕಿ, ಕೋಲೂರಿಕೊಂಡು ಹೊರಟುಹೋದ‍ಳು.

ತೀಡಾ ಗುಡಿಸಲಿನೊಳಗೆ ಬಂದು ಮಗಳ ಎದುರು ಕೂತಳು. ಸಿರ್ರಾಳ ಮುಖದ ಮೇಲೆ ನೀರು ಇಳಿಯುತ್ತಿತ್ತು, ಸದ್ದಿಲ್ಲದೆ. ಸದ್ದು ಮಾಡಿ ಅತ್ತರೆ ಎದೆ ಕಟ್ಟುತ್ತದೆ ಎಂಬ ಭಯಕ್ಕೆ ಹುಡುಗಿ ಚಿಕ್ಕಂದಿನಿಂದ ಅಳುತ್ತಿದ್ದದ್ದೇ ಹಾಗೆ.

"ಅಮ್ಮಾ, ನಾನೂ ನುಂಗಿದೀನಿ. ನನ್ನನ್ನ ಕೇಳಬೇಕಿತ್ತು ನೀನು."

"ನಿನ್ನನ್ನ ಯಾರೂ ಕೇಳಲಿಲ್ಲ. ಸುಮ್ನಿರು." ಹೇಳಿದ ಮೇಲೆ ಆ ಮಾತು ಯಾರದು ಎಂದು ತೀಡಾಳಿಗೆ ಹೊಳೆಯಿತು. ಚಿಕ್ಕಮ್ಮ, ಇಪ್ಪತ್ತೆರಡು ವರ್ಷದ ಹಿಂದೆ, ಬಿಳಿಯದನ್ನು ಬಾಯಿಗೆ ತುರುಕುತ್ತ ಇದನ್ನೇ ಅಂದಿದ್ದಳು. ಅವಳು ಬೇಗ ಬೇಗ ಮಡಿಲಿನ ಕಾಯಿ ತೆಗೆದು ಒದ್ದೆ ಎಲೆಯ ಮೇಲಿಟ್ಟಳು. "ಇಲ್ಲಿ ನೋಡು. ಪ್ರತಿ ಶುಕ್ರವಾರ ಎಲೆ ಬದಲಾಯಿಸಬೇಕು. ಒದ್ದೆ ಆರಬಾರದು, ನೀರೂ ನಿಲ್ಲಬಾರದು. ಹೀಗೆ ಸುತ್ತು, ಎರಡು ಸುತ್ತು. ಡಬ್ಬಿ ಖಾಲಿಯಾಗಿ ದೋಣಿಯೂ ನಿಂತು ಎದೆ ಕಟ್ಟಿದ್ರೆ ಹೆದರಬೇಡ. ಬಿಸಿನೀರು ಇಟ್ಕೋ. ಇದನ್ನ ಕಚ್ಚಿ ನುಣ್ಣಗೆ ಅಗಿ, ಕಿವುಚಿ ಒಂದೊಂದೇ ಗುಟುಕು ಕುಡಿ."

ಸಿರ್ರಾ ಎಲೆಯನ್ನು ನೋಡಿದಳು, ಅಮ್ಮನ ಕಲೆಗಟ್ಟಿದ ಬೆರಳುಗಳನ್ನು ನೋಡಿದಳು.

"ಆಗ ಅಗಿಯೋಕೆ ಉಸಿರಿರಲ್ಲ ಅಮ್ಮಾ."

ತೀಡಾ ಎಲೆ ಸುತ್ತಿದಳು, ಬಿಚ್ಚಿದಳು, ಮತ್ತೆ ಮೊದಲಿನಿಂದ ಸುತ್ತಿದಳು.